ಪುಟವೊಂದು ಯಾವ ಯಾವ ಸ್ಟೈಲ್‌ಶೀಟ್‌ಗಳನ್ನು ಲೋಡ್ ಮಾಡುತ್ತದೆ ಎಂಬುದನ್ನು ಪಿಎಚ್‌ಪಿಯಿಂದ ತಿಳಿಯುವುದು ಹೇಗೆ?

ಪ್ರಶ್ನೆ

ನಾನು ನೋಡಿಕೊಳ್ಳುವ ಜಾಲತಾಣವೊಂದರಲ್ಲಿ ಸಿಎಸ್‌ಎಸ್ ಕಡತಗಳು (ಪುಟದ ರೂಪವನ್ನು ನಿರ್ಧರಿಸುವ ಸ್ಟೈಲ್‌ಶೀಟ್‌ಗಳು) ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಬಂದಿವೆ. ಹಳೆಯ ವಿನ್ಯಾಸಕ್ಕೆ ಸೇರಿದವು, ಈಗ ಬಳಕೆಯಲ್ಲಿಲ್ಲದ ಪ್ಲಗಿನ್‌ಗಳವು, ಯಾವುದೋ ಒಂದೇ ಪುಟಕ್ಕೆಂದು ಬರೆದು ಹಾಗೆಯೇ ಬಿಟ್ಟವು, ಎಲ್ಲವೂ ಒಂದೇ ಫೋಲ್ಡರಿನಲ್ಲಿವೆ. ಯಾವ ಪುಟ ಯಾವ ಕಡತವನ್ನು ಲೋಡ್ ಮಾಡುತ್ತದೆ ಎಂಬ ಪಟ್ಟಿಯನ್ನು ಪಿಎಚ್‌ಪಿ ಸ್ಕ್ರಿಪ್ಟಿನಿಂದ ತಯಾರಿಸಿ, ಯಾವ ಪುಟಕ್ಕೂ ಬೇಡವಾದ ಕಡತಗಳನ್ನು ಅಳಿಸಬೇಕೆಂಬುದು ನನ್ನ ಉದ್ದೇಶ.

ಸದ್ಯಕ್ಕೆ ಪ್ರತಿ ಪುಟದ ಎಚ್‌ಟಿಎಮ್‌ಎಲ್ ಅನ್ನು 'ಫೈಲ್_ಗೆಟ್_ಕಂಟೆಂಟ್ಸ್' ಮೂಲಕ ತರಿಸಿಕೊಂಡು, 'ಲಿಂಕ್' ಟ್ಯಾಗ್‌ಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಹುಡುಕುತ್ತಿದ್ದೇನೆ. ಇದರಲ್ಲಿ ಕೆಲವು ತೊಡಕುಗಳಿವೆ. ಕಮೆಂಟಿನೊಳಗೆ ಅಡಗಿಸಿಟ್ಟ ಟ್ಯಾಗ್‌ಗಳೂ ಪಟ್ಟಿಗೆ ಬರುತ್ತವೆ; ಕೆಲವು ವಿಳಾಸಗಳು ಪೂರ್ಣವಾಗಿ, ಕೆಲವು ಅರ್ಧವಾಗಿ ಸಿಗುವುದರಿಂದ ಒಂದೇ ಕಡತ ಎರಡು ಮೂರು ಹೆಸರುಗಳಲ್ಲಿ ಕಾಣಿಸುತ್ತದೆ; ಬ್ರೌಸರಿನ ನೆಟ್‌ವರ್ಕ್ ಫಲಕದಲ್ಲಿ ಸ್ಪಷ್ಟವಾಗಿ ಕಾಣುವ ಒಂದೆರಡು ಕಡತಗಳು ಎಚ್‌ಟಿಎಮ್‌ಎಲ್‌ನಲ್ಲಿ ಎಲ್ಲಿಯೂ ಇಲ್ಲ. ಪಿಎಚ್‌ಪಿಯಲ್ಲಿ ಸೇರಿಸಿಕೊಂಡ ಪಿಎಚ್‌ಪಿ ಕಡತಗಳ ಪಟ್ಟಿ ಕೊಡಲು 'ಗೆಟ್_ಇನ್‌ಕ್ಲೂಡೆಡ್_ಫೈಲ್ಸ್' ಎಂಬ ಫಂಕ್ಷನ್ ಇದೆಯಲ್ಲ, ಸ್ಟೈಲ್‌ಶೀಟ್‌ಗಳಿಗೂ ಅಂಥದ್ದೊಂದು ಇದೆಯೇ? ಇಲ್ಲದಿದ್ದರೆ ಈ ಕೆಲಸವನ್ನು ಸರಿಯಾಗಿ ಮಾಡುವ ದಾರಿ ಯಾವುದು?

ಮೊದಲ ಉತ್ತರ

ಅಂಥ ಫಂಕ್ಷನ್ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಪಿಎಚ್‌ಪಿ ಸರ್ವರಿನಲ್ಲಿ ಓಡಿ, ಎಚ್‌ಟಿಎಮ್‌ಎಲ್ ಅನ್ನು ಕಳುಹಿಸಿ, ಅಲ್ಲಿಗೆ ತನ್ನ ಕೆಲಸ ಮುಗಿಸುತ್ತದೆ. ಬ್ರೌಸರ್ ಆ ಎಚ್‌ಟಿಎಮ್‌ಎಲ್ ಅನ್ನು ಓದಿದಂತೆಲ್ಲ ಪ್ರತಿಯೊಂದು ಸ್ಟೈಲ್‌ಶೀಟಿಗೂ ಬೇರೆಯದೇ ಕೋರಿಕೆಯನ್ನು ಕಳುಹಿಸುತ್ತದೆ, ಮತ್ತು ಆ ಕೋರಿಕೆಗಳಿಗೆ ಬಹುತೇಕ ಎಲ್ಲ ಕಡೆಯೂ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ತಂತ್ರಾಂಶ ನೇರವಾಗಿ ಉತ್ತರಿಸುತ್ತದೆ. ಪಿಎಚ್‌ಪಿಗೆ ಅದರ ಸುಳಿವೇ ಸಿಗುವುದಿಲ್ಲ. ಹಾಗಾಗಿ 'ಲೋಡ್ ಮಾಡುತ್ತದೆ' ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳಬೇಕು. ಎಚ್‌ಟಿಎಮ್‌ಎಲ್ ಏನನ್ನು ಕೇಳಿದೆ ಎಂಬುದು ಒಂದು ಪ್ರಶ್ನೆ, ಬ್ರೌಸರ್ ಏನನ್ನು ತರಿಸಿಕೊಂಡಿತು ಎಂಬುದು ಇನ್ನೊಂದು, ತರಿಸಿಕೊಂಡದ್ದರಲ್ಲಿ ಯಾವುದನ್ನು ಪುಟಕ್ಕೆ ಅನ್ವಯಿಸಿತು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಪಿಎಚ್‌ಪಿ ಚೆನ್ನಾಗಿ ಉತ್ತರಿಸಬಲ್ಲದು. ಉಳಿದೆರಡಕ್ಕೆ ಬ್ರೌಸರನ್ನೇ ಕೇಳಬೇಕಾಗುತ್ತದೆ.

ನಿಮ್ಮ ಉದ್ದೇಶ ಕಡತಗಳನ್ನು ಅಳಿಸುವುದಾದ್ದರಿಂದ, ಎಣಿಕೆ ಯಾವ ಕಡೆಗೆ ತಪ್ಪಿದರೂ ಪರವಾಗಿಲ್ಲ ಎನ್ನುವಂತಿಲ್ಲ. ಬೇಡದ ಕಡತವೊಂದು ಪಟ್ಟಿಯಲ್ಲಿ ಉಳಿದರೆ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹೋಗುತ್ತದೆ, ಅಷ್ಟೆ. ಬೇಕಾದ ಕಡತವೊಂದು ಪಟ್ಟಿಯಿಂದ ಬಿಟ್ಟುಹೋದರೆ ಯಾವುದೋ ಪುಟದ ರೂಪವೇ ಕೆಡುತ್ತದೆ. ಆದ್ದರಿಂದ ಅನುಮಾನ ಬಂದ ಕಡೆಯಲ್ಲೆಲ್ಲ 'ಬಳಕೆಯಲ್ಲಿದೆ' ಎಂದೇ ಗುರುತು ಹಾಕಿಕೊಳ್ಳುವುದು ಕ್ಷೇಮ. ಪುಟದ ವೇಗವನ್ನು ಅಳೆಯಲು ಹೊರಟವರಿಗೆ ಇದೇ ಧೋರಣೆ ಹೊಂದುವುದಿಲ್ಲ, ಅವರು ಬಿಗಿಯಾಗಿ ಎಣಿಸಬೇಕು.

ಈಗ ವಿಧಾನಕ್ಕೆ ಬರೋಣ. ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನು ಕೈಬಿಟ್ಟು, ಎಚ್‌ಟಿಎಮ್‌ಎಲ್‌ನ ರಚನೆಯನ್ನು ಬಿಡಿಸಿ ಓದುವ ಪಾರ್ಸರ್ ಆದ ಪಿಎಚ್‌ಪಿಯ 'ಡಾಮ್‌ಡಾಕ್ಯುಮೆಂಟ್' ಬಳಸಿ. ಕಮೆಂಟಿನೊಳಗಿನ ಟ್ಯಾಗ್ ಅದಕ್ಕೆ ಕಮೆಂಟಾಗಿಯೇ ಕಾಣುತ್ತದೆ, ಜಾವಾಸ್ಕ್ರಿಪ್ಟಿನ ಉದ್ಧರಣ ಚಿಹ್ನೆಗಳೊಳಗೆ ಬರೆದ 'ಲಿಂಕ್' ಟ್ಯಾಗ್ ಬರೀ ಪಠ್ಯವಾಗಿಯೇ ಉಳಿಯುತ್ತದೆ. ನಿಮ್ಮ ಮೊದಲ ತೊಡಕು ಇಲ್ಲಿಗೇ ಮುಗಿಯುತ್ತದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗಾಗಿ ಬರೆಯುತ್ತಿದ್ದ ಷರತ್ತಿನ ಕಮೆಂಟುಗಳೂ ಹೀಗೆಯೇ ಹೊರಗುಳಿಯುತ್ತವೆ. ಆ ಬ್ರೌಸರಿನ 10ನೇ ಆವೃತ್ತಿಯಿಂದಲೇ ಅವುಗಳಿಗೆ ಬೆಂಬಲ ನಿಂತಿರುವುದರಿಂದ ಅವು ಕೇಳುವ ಕಡತಗಳನ್ನು ನಿಶ್ಚಿಂತೆಯಿಂದ ಅಳಿಸಬಹುದು.

ಡಾಮ್‌ಡಾಕ್ಯುಮೆಂಟ್ ಬಳಸುವಾಗ ಗಮನದಲ್ಲಿಡಬೇಕಾದ ಸಂಗತಿಗಳಿವೆ. ಅದರ 'ಲೋಡ್‌ಎಚ್‌ಟಿಎಮ್‌ಎಲ್' ವಿಧಾನ ಲಿಬ್‌ಎಕ್ಸ್‌ಎಮ್‌ಎಲ್ ಗ್ರಂಥಾಲಯದ ಎಚ್‌ಟಿಎಮ್‌ಎಲ್ 4 ಕಾಲದ ಪಾರ್ಸರನ್ನು ಅವಲಂಬಿಸಿದೆ. ಆದ್ದರಿಂದ 'ನ್ಯಾವ್', 'ಸೆಕ್ಷನ್' ಮುಂತಾದ ಟ್ಯಾಗ್‌ಗಳನ್ನು ಕಂಡಾಗ ಎಚ್ಚರಿಕೆಯ ಸಂದೇಶಗಳನ್ನು ಸಾಲುಸಾಲಾಗಿ ಉಗುಳುತ್ತದೆ. ಮೊದಲೇ 'ಲಿಬ್‌ಎಕ್ಸ್‌ಎಮ್‌ಎಲ್_ಯೂಸ್_ಇಂಟರ್ನಲ್_ಎರರ್ಸ್' ಫಂಕ್ಷನ್ನಿಗೆ 'ಟ್ರೂ' ಕೊಟ್ಟರೆ ಅವು ಒಳಗೇ ಉಳಿಯುತ್ತವೆ. ಖಾಲಿ ಸ್ಟ್ರಿಂಗ್ ಕೊಟ್ಟರೆ ಪಿಎಚ್‌ಪಿ 8ರಿಂದ ಈಚೆಗೆ 'ವ್ಯಾಲ್ಯೂಎರರ್' ಬರುತ್ತದೆಯಾದ್ದರಿಂದ ಪುಟ ನಿಜವಾಗಿಯೂ ಬಂದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪುಟದಲ್ಲಿ ಅಕ್ಷರ ಸಂಕೇತದ ಘೋಷಣೆ ಇಲ್ಲದಿದ್ದರೆ ಅದನ್ನು ಐಎಸ್‌ಒ 8859-1 ಎಂದು ಭಾವಿಸಿ ಓದುತ್ತದೆ; ಕಡತದ ಹೆಸರಿನಲ್ಲಿ ಕನ್ನಡದ ಅಕ್ಷರಗಳಿದ್ದರೆ ಅವು ಕಲಸಿಹೋಗುತ್ತವೆ. ಇದಕ್ಕೆ ಹಿಂದೆ 'ಎಂಬಿ_ಕನ್ವರ್ಟ್_ಎನ್‌ಕೋಡಿಂಗ್' ಮೂಲಕ ಎಚ್‌ಟಿಎಮ್‌ಎಲ್ ಎಂಟಿಟಿಗಳಾಗಿ ಮಾರ್ಪಡಿಸುವ ರೂಢಿ ಇತ್ತು, ಆದರೆ ಆ ಬಳಕೆಯನ್ನು ಪಿಎಚ್‌ಪಿ 8.2ರಲ್ಲಿ ಕೈಬಿಡಬೇಕಾದ ಪಟ್ಟಿಗೆ ಸೇರಿಸಿದ್ದಾರೆ. 2024ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.4 ನಿಮ್ಮಲ್ಲಿದ್ದರೆ ಈ ರಗಳೆಗಳನ್ನೆಲ್ಲ ಬಿಟ್ಟು, ಅದರಲ್ಲಿ ಹೊಸದಾಗಿ ಸೇರಿರುವ, 'ಡಾಮ್' ನೇಮ್‌ಸ್ಪೇಸಿನ 'ಎಚ್‌ಟಿಎಮ್‌ಎಲ್‌ಡಾಕ್ಯುಮೆಂಟ್' ಕ್ಲಾಸನ್ನು ಬಳಸಬಹುದು. ಅದು ಎಚ್‌ಟಿಎಮ್‌ಎಲ್ 5ರ ನಿಯಮಗಳಂತೆಯೇ ಪುಟವನ್ನು ಓದುತ್ತದೆ, 'ಕ್ವೆರಿಸೆಲೆಕ್ಟರ್‌ಆಲ್' ಕೂಡ ಅದರಲ್ಲಿದೆ.

ಇಲ್ಲಿಂದ ಮುಂದೆ ಹೆಚ್ಚಿನವರು ಎಡವುವುದು 'ರೆಲ್' ಗುಣಲಕ್ಷಣದ ವಿಷಯದಲ್ಲಿ. ಅದರ ಬೆಲೆ (ವ್ಯಾಲ್ಯೂ) ಒಂದೇ ಪದವಲ್ಲ, ಖಾಲಿ ಜಾಗಗಳಿಂದ ಬೇರ್ಪಟ್ಟ ಪದಗಳ ಪಟ್ಟಿ; ಅದರಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೂ ಇಲ್ಲ. 'ರೆಲ್' ನೇರವಾಗಿ 'ಸ್ಟೈಲ್‌ಶೀಟ್' ಎಂಬುದಕ್ಕೆ ಸಮವೇ ಎಂದು ಹೋಲಿಸಿದರೆ 'ಆಲ್ಟರ್ನೇಟ್ ಸ್ಟೈಲ್‌ಶೀಟ್' ಎಂದು ಬರೆದವು ತಪ್ಪಿಹೋಗುತ್ತವೆ. ಪಾರ್ಸರ್ ಓದಿದ ರಚನೆಯಲ್ಲಿ ಹುಡುಕುವ ಎಕ್ಸ್‌ಪಾತ್ ಭಾಷೆಯ 'ಕಂಟೇನ್ಸ್' ಬಳಸಿ ಹುಡುಕಿದರೆ, ಸಿಎಸ್‌ಎಸ್ ಆಗಿ ಮಾರ್ಪಡುವ ಲೆಸ್ ಭಾಷೆ ಬಳಸುವವರು ಬರೆಯುವ 'ಸ್ಟೈಲ್‌ಶೀಟ್/ಲೆಸ್' ಎಂಬುದೂ ಸಿಕ್ಕಿಬೀಳುತ್ತದೆ. ಬ್ರೌಸರ್ ಅದನ್ನು ಸ್ಟೈಲ್‌ಶೀಟ್ ಎಂದು ಪರಿಗಣಿಸುವುದೇ ಇಲ್ಲ. 'ರೆಲ್' ಇರುವ ಎಲ್ಲ 'ಲಿಂಕ್' ಎಲಿಮೆಂಟ್‌ಗಳನ್ನೂ ತೆಗೆದುಕೊಂಡು, ಬೆಲೆಯನ್ನು ಸಣ್ಣ ಅಕ್ಷರಕ್ಕೆ ತಂದು, ಖಾಲಿ ಜಾಗಗಳಲ್ಲಿ ಒಡೆದು, ಬಂದ ಪದಗಳಲ್ಲಿ 'ಸ್ಟೈಲ್‌ಶೀಟ್' ಇದೆಯೇ ಎಂದು ನೋಡುವುದೇ ಸರಿಯಾದ ಕ್ರಮ. ಎರಡೂ ಪಾರ್ಸರುಗಳಿಗೆ ಇದೇ ಸಾಕು.

'ಪ್ರೀಲೋಡ್' ಎಂಬ 'ರೆಲ್' ಇದ್ದು 'ಆ್ಯಸ್' ಗುಣಲಕ್ಷಣದಲ್ಲಿ 'ಸ್ಟೈಲ್' ಎಂದಿರುವ ಟ್ಯಾಗ್‌ಗಳನ್ನೂ ಪಟ್ಟಿಗೆ ಸೇರಿಸಿ. ಪುಟ ಬೇಗ ಕಾಣಲೆಂದು, ಕಡತವನ್ನು ಮೊದಲು ಪ್ರೀಲೋಡ್ ಆಗಿ ತರಿಸಿ, ಬಂದ ಮೇಲೆ 'ಆನ್‌ಲೋಡ್' ಮೂಲಕ ಸ್ಟೈಲ್‌ಶೀಟ್ ಆಗಿ ಬದಲಿಸುವ ತಂತ್ರ ಬಹಳ ಕಡೆ ಬಳಕೆಯಲ್ಲಿದೆ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ಪೂರಕವಾಗಿ, ನಿಮ್ಮ ಎರಡನೆಯ ತೊಡಕಾದ ಅರ್ಧ ವಿಳಾಸಗಳ ಬಗ್ಗೆ ಬರೆಯುತ್ತೇನೆ. ಇದು ಸಣ್ಣ ವಿಷಯದಂತೆ ಕಂಡರೂ ಪಟ್ಟಿ ಸರಿಹೋಗುವುದೋ ಕೆಡುವುದೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಸ್ಟೈಲ್‌ಶೀಟಿನ 'ಎಚ್‌ರೆಫ್' ಬೆಲೆ 'ಶೈಲಿ/ಮುಖ್ಯ.ಸಿಎಸ್‌ಎಸ್' ಎಂದಿದೆ ಎಂದುಕೊಳ್ಳಿ. ಪುಟದ ವಿಳಾಸ '/ಲೇಖನ/ಹೊಸತು' ಆಗಿದ್ದರೆ, ಕೊನೆಯ ಓರೆಗೆರೆಯ ನಂತರದ ಭಾಗವನ್ನು ತೆಗೆದು ಜೋಡಿಸಬೇಕಾದ್ದರಿಂದ ಪೂರ್ಣ ವಿಳಾಸ '/ಲೇಖನ/ಶೈಲಿ/ಮುಖ್ಯ.ಸಿಎಸ್‌ಎಸ್' ಆಗುತ್ತದೆ. ಪುಟದ ವಿಳಾಸ '/ಲೇಖನ/ಹೊಸತು/' ಎಂದು ಓರೆಗೆರೆಯಲ್ಲಿ ಮುಗಿದರೆ ಅದೇ ಬೆಲೆಯಿಂದ '/ಲೇಖನ/ಹೊಸತು/ಶೈಲಿ/ಮುಖ್ಯ.ಸಿಎಸ್‌ಎಸ್' ಹುಟ್ಟುತ್ತದೆ. ಒಂದು ಓರೆಗೆರೆಯಿಂದ ಎರಡು ಬೇರೆ ಕಡತಗಳು! ಸರ್ವರುಗಳು ಮೊದಲನೆಯ ರೂಪವನ್ನು ಎರಡನೆಯದಕ್ಕೆ ರೀಡೈರೆಕ್ಟ್ ಮಾಡುವುದು ಸಾಮಾನ್ಯವಾದ್ದರಿಂದ, ನೀವು ಕೇಳಿದ ವಿಳಾಸವನ್ನು ಆಧಾರವಾಗಿ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಕೊನೆಗೆ ತಲುಪಿದ ವಿಳಾಸವೇ ಆಧಾರವಾಗಬೇಕು. ಇದಕ್ಕಾಗಿಯೇ ನಾನು 'ಫೈಲ್_ಗೆಟ್_ಕಂಟೆಂಟ್ಸ್' ಬದಲಿಗೆ ಜಾಲದಿಂದ ಪುಟ ತರಿಸುವ ಕರ್ಲ್ ಗ್ರಂಥಾಲಯ ಬಳಸಿ ಎಂದು ಹೇಳುವುದು. ಅದರಲ್ಲಿ ರೀಡೈರೆಕ್ಟ್‌ಗಳನ್ನು ಅನುಸರಿಸಲು 'ಫಾಲೋಲೊಕೇಶನ್' ಆಯ್ಕೆ ಇದೆ, ತಲುಪಿದ ವಿಳಾಸವನ್ನು 'ಎಫೆಕ್ಟಿವ್_ಯುಆರ್‌ಎಲ್' ಮೂಲಕ ಕೇಳಿ ಪಡೆಯಬಹುದು, 'ಎನ್‌ಕೋಡಿಂಗ್' ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಜಿಜಿಪ್ ಮುಂತಾದ ಸಂಕುಚಿತ ರೂಪಗಳನ್ನು ತಾನೇ ಬಿಡಿಸುತ್ತದೆ. ಇನ್ನೊಂದು ಅನುಕೂಲವೆಂದರೆ, ಸರ್ವರ್ 404 ಎಂದು ಉತ್ತರಿಸಿದಾಗಲೂ ಕರ್ಲ್ ಆ ಪುಟದ ಒಡಲನ್ನು ಕೊಡುತ್ತದೆ. 'ಫೈಲ್_ಗೆಟ್_ಕಂಟೆಂಟ್ಸ್' ಬೇರೆ ಸೂಚನೆ ಕೊಡದಿದ್ದರೆ 'ಫಾಲ್ಸ್' ಹಿಂದಿರುಗಿಸುತ್ತದೆ. 'ಪುಟ ಸಿಗಲಿಲ್ಲ' ಎಂದು ತೋರಿಸುವ ಪುಟಕ್ಕೂ ತನ್ನದೇ ಸ್ಟೈಲ್‌ಶೀಟ್ ಇರಬಹುದಲ್ಲವೇ? ಇಲ್ಲದ ವಿಳಾಸವೊಂದನ್ನು ಬೇಕೆಂದೇ ಕೇಳಿ ಅದನ್ನೂ ಪರಿಶೀಲಿಸಿ.

ಎಚ್‌ಟಿಎಮ್‌ಎಲ್‌ನಲ್ಲಿ 'ಎಚ್‌ರೆಫ್' ಇರುವ 'ಬೇಸ್' ಎಲಿಮೆಂಟ್ ಇದ್ದರೆ ಪುಟದ ವಿಳಾಸದ ಬದಲು ಅದೇ ಆಧಾರವಾಗುತ್ತದೆ. ಒಂದಕ್ಕಿಂತ ಹೆಚ್ಚು ಇದ್ದರೆ ಮೊದಲನೆಯದಕ್ಕೆ ಮಾತ್ರ ಬೆಲೆ. ವಿಳಾಸಗಳನ್ನು ಜೋಡಿಸುವ ನಿಯಮಗಳು 2005ರ ಆರ್‌ಎಫ್‌ಸಿ 3986ರ ಐದನೆಯ ವಿಭಾಗದಲ್ಲಿವೆ. ಅವನ್ನು ಸ್ವಂತವಾಗಿ ಬರೆಯಲು ಹೋಗಬೇಡಿ. ಎರಡು ಚುಕ್ಕಿಗಳು, ಎರಡು ಓರೆಗೆರೆಗಳಿಂದ ಆರಂಭವಾಗುವ ವಿಳಾಸ, ಬರೀ ಪ್ರಶ್ನಾರ್ಥಕ ಚಿಹ್ನೆಯಿಂದ ಆರಂಭವಾಗುವ ವಿಳಾಸ, ಹೀಗೆ ಬಿಟ್ಟುಹೋಗುವ ಮೂಲೆಗಳು ಬಹಳ. ಎಚ್‌ಟಿಟಿಪಿ ಕೋರಿಕೆ ಕಳುಹಿಸುವ ಗಝಲ್ ಗ್ರಂಥಾಲಯ ಬಳಸುವವರಿಗೆ ಅದರ ಪಿಎಸ್‌ಆರ್-7 ಪ್ಯಾಕೇಜಿನಲ್ಲಿ 'ಯುಆರ್‌ಐರಿಸಾಲ್ವರ್' ಸಿದ್ಧವಾಗಿದೆ, ಪಿಎಚ್‌ಪಿ 8.5ರಲ್ಲಂತೂ ಭಾಷೆಯ ಒಳಗೇ ಯುಆರ್‌ಐ ಎಕ್ಸ್‌ಟೆನ್ಶನ್ ಬಂದಿದ್ದು, ಅದರಲ್ಲಿ 'ರಿಸಾಲ್ವ್' ವಿಧಾನವಿದೆ. ಜೋಡಿಸಿ ಮುಗಿದ ಮೇಲೆ, ಕಡತದ ಹೆಸರಿನ ಹಿಂದೆ ಆವೃತ್ತಿ ಸಂಖ್ಯೆಗಾಗಿ ಅಂಟಿಸಿರುವ ಪ್ರಶ್ನಾರ್ಥಕ ಚಿಹ್ನೆಯ ಭಾಗವನ್ನು ಕತ್ತರಿಸಿ ಡಿಸ್ಕಿನ ಕಡತದೊಂದಿಗೆ ತಾಳೆ ನೋಡಬೇಕು.

ನೆಟ್‌ವರ್ಕ್ ಫಲಕದಲ್ಲಿ ಕಂಡು ಎಚ್‌ಟಿಎಮ್‌ಎಲ್‌ನಲ್ಲಿ ಕಾಣದ ಕಡತಗಳ ವಿಷಯಕ್ಕೆ ಬಂದರೆ, ಮೊದಲ ಅನುಮಾನ '@ಇಂಪೋರ್ಟ್' ಮೇಲೆ. ಸ್ಟೈಲ್‌ಶೀಟೊಂದು ತನ್ನೊಳಗಿನಿಂದ ಇನ್ನೊಂದನ್ನು ಕರೆಯಬಹುದು, ಅದು ಮತ್ತೊಂದನ್ನು. ಸಿಕ್ಕಿದ ಪ್ರತಿಯೊಂದು ಸಿಎಸ್‌ಎಸ್ ಕಡತವನ್ನೂ ತೆರೆದು, ಕಮೆಂಟುಗಳನ್ನು ತೆಗೆದು, ಈ ಸೂಚನೆಗಳನ್ನು ಹುಡುಕಬೇಕು. ಬರಿಯ ಉದ್ಧರಣ ಚಿಹ್ನೆಗಳಲ್ಲಿ ಬರೆದ ರೂಪ, 'ಯುಆರ್‌ಎಲ್' ಆವರಣದೊಳಗಿನ ರೂಪ, ಆವರಣದೊಳಗೆ ಉದ್ಧರಣ ಚಿಹ್ನೆಯೂ ಇಲ್ಲದ ರೂಪ, ಹಿಂದೆ ಮೀಡಿಯಾ ಷರತ್ತು ಅಥವಾ 'ಲೇಯರ್' ಬರೆದ ರೂಪ, ಎಲ್ಲವೂ ಮಾನ್ಯ. ಇಲ್ಲಿಯ ಅರ್ಧ ವಿಳಾಸಗಳಿಗೆ ಆಧಾರ ಪುಟವಲ್ಲ, ಆ ಸಾಲು ಇರುವ ಸ್ಟೈಲ್‌ಶೀಟಿನ ವಿಳಾಸ ಎಂಬುದನ್ನು ಮರೆಯಬಾರದು. '/ಲೇಖನ/ಶೈಲಿ/ಮುಖ್ಯ.ಸಿಎಸ್‌ಎಸ್' ಕಡತದಲ್ಲಿ 'ಬಣ್ಣ.ಸಿಎಸ್‌ಎಸ್' ಎಂದಿದ್ದರೆ ಅದು '/ಲೇಖನ/ಶೈಲಿ/ಬಣ್ಣ.ಸಿಎಸ್‌ಎಸ್'. ಪುಟದಲ್ಲಿಯೇ ಇರುವ 'ಸ್ಟೈಲ್' ಟ್ಯಾಗಿನೊಳಗೂ '@ಇಂಪೋರ್ಟ್' ಬರಬಹುದು, ಆಗ ಮಾತ್ರ ಪುಟವೇ ಆಧಾರ. ಕಡತಗಳು ಒಂದನ್ನೊಂದು ಕರೆದುಕೊಳ್ಳುವ ಸಂದರ್ಭವೂ ಉಂಟಾದ್ದರಿಂದ, ಈಗಾಗಲೇ ನೋಡಿದ ವಿಳಾಸಗಳನ್ನು ಒಂದು ಅರೇಯಲ್ಲಿ ಗುರುತಿಸಿಟ್ಟುಕೊಂಡು ಮುಂದುವರಿಯಬೇಕು, ಇಲ್ಲವಾದರೆ ಸ್ಕ್ರಿಪ್ಟ್ ಸುತ್ತುತ್ತಲೇ ಇರುತ್ತದೆ.

'@ಇಂಪೋರ್ಟ್' ಸೂಚನೆ ಕಡತದ ಆರಂಭದಲ್ಲಿರಬೇಕು. ಅದಕ್ಕಿಂತ ಮೊದಲು '@ಚಾರ್‌ಸೆಟ್' ಮತ್ತು '@ಲೇಯರ್' ಹೇಳಿಕೆಗಳಿಗೆ ಮಾತ್ರ ಅವಕಾಶ. ಬೇರೆ ನಿಯಮಗಳ ನಂತರ ಬಂದರೆ ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಲವು ಕಡತಗಳನ್ನು ಒಂದರ ಹಿಂದೊಂದು ಅಂಟಿಸಿ ಒಂದು ದೊಡ್ಡ ಕಡತ ಮಾಡುವ ಉಪಕರಣಗಳು ಕೆಲವೊಮ್ಮೆ ಈ ಸೂಚನೆಗಳನ್ನು ನಡುವಿಗೆ ತಳ್ಳಿಬಿಡುತ್ತವೆ. ಅಂಥವು ಸತ್ತ ಸಾಲುಗಳು. ನಿಮ್ಮ ಪಟ್ಟಿಯಲ್ಲಿ ಅವು ಉಳಿದುಕೊಂಡರೆ ನಷ್ಟವೇನಿಲ್ಲ, ಆದರೆ ಅವನ್ನು ಕಂಡಾಗ ಬೇರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಯಾರೋ ಬೇಕೆಂದು ಬರೆದ ಶೈಲಿ ಪುಟಕ್ಕೆ ಸೇರುತ್ತಿಲ್ಲ ಎಂಬುದರ ಸೂಚನೆ ಅದು.

ಎಚ್‌ಟಿಟಿಪಿ ಪ್ರತಿಕ್ರಿಯೆಯ 'ಲಿಂಕ್' ಹೆಡರಿನಲ್ಲಿಯೂ ಸ್ಟೈಲ್‌ಶೀಟ್ ಅಥವಾ ಪ್ರೀಲೋಡ್ ಬರೆಯಲು ಸಾಧ್ಯವಿದೆ. ಬಳಕೆ ವಿರಳ. ಹೆಡರುಗಳನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು.

ಮೂರನೆಯ ಉತ್ತರ

ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಜಾವಾಸ್ಕ್ರಿಪ್ಟ್ ಸೇರಿಸುವ ಸ್ಟೈಲ್‌ಶೀಟ್‌ಗಳನ್ನು ಈ ಯಾವ ಕ್ರಮದಿಂದಲೂ ಹಿಡಿಯಲಾಗದು. ಸ್ಕ್ರಿಪ್ಟ್ ಓಡಿದ ಮೇಲಷ್ಟೇ 'ಲಿಂಕ್' ಎಲಿಮೆಂಟ್ ಹುಟ್ಟುತ್ತದೆ. ಪಿಎಚ್‌ಪಿ ಓದುವ ಎಚ್‌ಟಿಎಮ್‌ಎಲ್‌ನಲ್ಲಿ ಅದು ಇರುವುದೇ ಇಲ್ಲ. ಇದಕ್ಕೆ ಪರದೆಯಿಲ್ಲದೆ ಓಡುವ ಕ್ರೋಮ್ ಬೇಕು. ಪಿಎಚ್‌ಪಿಯಿಂದಲೇ ಅದನ್ನು ನಡೆಸಲು ಸಿಂಫನಿ ಫ್ರೇಮ್‌ವರ್ಕಿನ ಪ್ಯಾಂಥರ್ ಇದೆ, 'ಕ್ರೋಮ್-ಪಿಎಚ್‌ಪಿ' ಎಂಬ ಗ್ರಂಥಾಲಯವಿದೆ. ಬ್ರೌಸರ್‌ಶಾಟ್ ಕೂಡ ಇದೆಯಾದರೂ ಅದು ಒಳಗೊಳಗೆ ಜಾವಾಸ್ಕ್ರಿಪ್ಟಿನ ಪಪೆಟಿಯರ್ ಗ್ರಂಥಾಲಯ ಬಳಸುವುದರಿಂದ, ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಅಳವಡಿಸಿರಬೇಕಾಗುತ್ತದೆ.

ಪುಟ ತೆರೆದ ಮೇಲೆ ಏನನ್ನು ಕೇಳಬೇಕೆಂಬುದು ಮುಖ್ಯ. 'ಡಾಕ್ಯುಮೆಂಟ್.ಸ್ಟೈಲ್‌ಶೀಟ್ಸ್' ಎಂದು ಕೇಳುವುದು ಸುಲಭ, ಆದರೆ ಆ ಪಟ್ಟಿಯಲ್ಲಿ ಪುಟದೊಳಗಿನ 'ಸ್ಟೈಲ್' ಟ್ಯಾಗ್‌ಗಳೂ ವಿಳಾಸವಿಲ್ಲದೆ ಕಾಣಿಸುತ್ತವೆ, '@ಇಂಪೋರ್ಟ್' ಮೂಲಕ ಬಂದವು ಮೇಲ್ಮಟ್ಟದಲ್ಲಿ ಕಾಣಿಸುವುದಿಲ್ಲ. ಅವುಗಳಿಗಾಗಿ ಪ್ರತಿ ಸ್ಟೈಲ್‌ಶೀಟಿನ ನಿಯಮಗಳೊಳಗೆ ಇಳಿಯಬೇಕು. ಆ ಸ್ಟೈಲ್‌ಶೀಟ್ ಬೇರೆ ಡೊಮೇನಿನಿಂದ ಬಂದಿದ್ದು ಅಲ್ಲಿನ ಸರ್ವರ್ ಅನುಮತಿ ಕೊಟ್ಟಿಲ್ಲವಾದರೆ ನಿಯಮಗಳನ್ನು ಮುಟ್ಟಿದೊಡನೆ 'ಸೆಕ್ಯೂರಿಟಿಎರರ್' ಬರುತ್ತದೆ. ಶ್ಯಾಡೋ ಡಾಮ್ (ಪುಟದ ಉಳಿದ ಭಾಗದಿಂದ ಪ್ರತ್ಯೇಕವಾಗಿಟ್ಟ ಎಲಿಮೆಂಟ್‌ಗಳ ರಚನೆ) ಒಳಗಿನ ಸ್ಟೈಲ್‌ಶೀಟ್‌ಗಳೂ ಈ ಪಟ್ಟಿಯಲ್ಲಿರುವುದಿಲ್ಲ. 'ಪರ್ಫಾರ್ಮೆನ್ಸ್' ಆಬ್ಜೆಕ್ಟಿನಿಂದ ತರಿಸಿಕೊಂಡ ಸಂಪನ್ಮೂಲಗಳ ಪಟ್ಟಿ ಪಡೆಯುವುದು ಇದಕ್ಕಿಂತ ಒಳ್ಳೆಯದು, ಆದರೆ ಅಲ್ಲಿ 'ಸಿಎಸ್‌ಎಸ್' ಎಂಬ ಮೂಲದ ಹೆಸರಿನಡಿ ಸಿಎಸ್‌ಎಸ್ ಕಡತದೊಳಗಿಂದ ಕೇಳಿದ ಚಿತ್ರಗಳು, ಫಾಂಟ್‌ಗಳು ಕೂಡ ಸೇರಿರುತ್ತವೆ. ಮೇಲಾಗಿ ಆ ಪಟ್ಟಿ ಸಾಮಾನ್ಯವಾಗಿ 250 ದಾಖಲೆಗಳಿಗೆ ನಿಂತುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಶುದ್ಧವಾದ ದಾರಿ, ಕ್ರೋಮ್ ಅನ್ನು ಹೊರಗಿನಿಂದ ನಿಯಂತ್ರಿಸಿ ಗಮನಿಸಲು ಇರುವ ಡೆವ್‌ಟೂಲ್ಸ್ ಪ್ರೋಟೋಕಾಲಿನ ನೆಟ್‌ವರ್ಕ್ ಘಟನೆಗಳನ್ನು ಆಲಿಸುವುದು. ಪ್ರತಿ ಪ್ರತಿಕ್ರಿಯೆಯ ಜೊತೆಗೂ ಅದರ ಬಗೆ ಬರುತ್ತದೆ. ಬಗೆ 'ಸ್ಟೈಲ್‌ಶೀಟ್' ಎಂದಿರುವವುಗಳನ್ನು ಬರೆದುಕೊಂಡರೆ 'ಲಿಂಕ್', '@ಇಂಪೋರ್ಟ್', ಸ್ಕ್ರಿಪ್ಟ್ ಎಂಬ ಭೇದವಿಲ್ಲದೆ ಎಲ್ಲವೂ ಸಿಗುತ್ತವೆ. ಉತ್ತರದ ಸ್ಥಿತಿ ಸಂಖ್ಯೆಯೂ ಅಲ್ಲೇ ಇರುವುದರಿಂದ, ಕೇಳಿದರೂ ಸಿಗದ ಕಡತಗಳು ತಾವಾಗಿಯೇ ಬಯಲಾಗುತ್ತವೆ.

ಹಾಗೆಂದು ಇದೇ ಪರಮ ಸತ್ಯವೇನಲ್ಲ. ಬಳಕೆದಾರರು ಗುಂಡಿ ಒತ್ತಿದಾಗ ತೆರೆಯುವ ಕಿಟಕಿಗೆ ಬೇಕಾದ ಸ್ಟೈಲ್‌ಶೀಟನ್ನು ಆಗಲೇ ತರಿಸಿಕೊಳ್ಳುವ ಪುಟಗಳಿವೆ. ಯಾರೂ ಗುಂಡಿ ಒತ್ತದ ಕ್ರೋಮ್‌ಗೆ ಅದು ಕಾಣುವುದಿಲ್ಲ.

ಇನ್ನೊಂದು ಮಾತು. ತಾಣ ನಿಮ್ಮದೇ ಆಗಿರುವಾಗ ಹೊರಗಿನಿಂದ ಪುಟ ತರಿಸಿ ಊಹಿಸುವುದಕ್ಕಿಂತ ಒಳಗಿನಿಂದ ಕೇಳುವುದು ಸುಲಭವಾಗಬಹುದು. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ 'ಡಬ್ಲ್ಯುಪಿ_ಸ್ಟೈಲ್ಸ್' ಫಂಕ್ಷನ್ ಕೊಡುವ ಆಬ್ಜೆಕ್ಟಿನಲ್ಲಿ ನೋಂದಾಯಿಸಿದ ಸ್ಟೈಲ್‌ಶೀಟ್‌ಗಳು, ಸಾಲಿನಲ್ಲಿರುವವು, ಈಗಾಗಲೇ ಪುಟಕ್ಕೆ ಬರೆದಾದವು ಎಂಬ ಮೂರೂ ಪಟ್ಟಿಗಳಿವೆ. ಕೊನೆಯದನ್ನು ಪುಟದ ಅಡಿಭಾಗ ಮುಗಿಯುವ ಹೊತ್ತಿಗೆ ಓದಿ, ತಲೆಭಾಗದಲ್ಲಿಯೇ ಓದಿದರೆ ತಡವಾಗಿ ಸೇರುವವು ತಪ್ಪಿಹೋಗುತ್ತವೆ. ಬೇರೆ ವ್ಯವಸ್ಥೆಯಾಗಿದ್ದರೆ, ಹೊರಹೋಗುವ ಪುಟವನ್ನು ಹಿಡಿದಿಡುವ 'ಒಬಿ_ಸ್ಟಾರ್ಟ್' ಫಂಕ್ಷನ್ನಿಗೆ ಒಂದು ಕಾಲ್‌ಬ್ಯಾಕ್ ಕೊಟ್ಟು, ಹೊರಹೋಗುವ ಎಚ್‌ಟಿಎಮ್‌ಎಲ್ ಅನ್ನೇ ಮೊದಲ ಉತ್ತರದಲ್ಲಿ ಹೇಳಿದಂತೆ ಓದಿ ದಾಖಲಿಸಬಹುದು. ಲಾಗಿನ್ ಆದವರಿಗೆ ಮಾತ್ರ ಕಾಣುವ ಪುಟಗಳು, ಫಾರಂ ಸಲ್ಲಿಸಿದ ಮೇಲೆ ಬರುವ ಪುಟಗಳು ಹೀಗೆ ಮಾಡಿದಾಗ ತಾವಾಗಿಯೇ ಲೆಕ್ಕಕ್ಕೆ ಬರುತ್ತವೆ. ಹೊರಗಿನಿಂದ ಹುಡುಕುವ ಸ್ಕ್ರಿಪ್ಟಿಗೆ ಅವುಗಳ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ತಾಣ ವರ್ಡ್‌ಪ್ರೆಸ್ ಅಲ್ಲ, ಸ್ವಂತವಾಗಿ ಬರೆದ ವ್ಯವಸ್ಥೆ. ಪಾರ್ಸರ್ ಬಳಸಿ, ಕರ್ಲ್ ಕೊಟ್ಟ ಕೊನೆಯ ವಿಳಾಸವನ್ನು ಆಧಾರವಾಗಿಟ್ಟು, '@ಇಂಪೋರ್ಟ್'ಗಳನ್ನೂ ಹಿಂಬಾಲಿಸಿದ ಮೇಲೆ ಪಟ್ಟಿ ಬಹುಮಟ್ಟಿಗೆ ನೆಟ್‌ವರ್ಕ್ ಫಲಕಕ್ಕೆ ಹೊಂದುತ್ತಿದೆ. ಕಾಣದಿದ್ದ ಕಡತಗಳಲ್ಲಿ ಒಂದು '@ಇಂಪೋರ್ಟ್' ಮೂಲಕ ಬರುತ್ತಿತ್ತು, ಇನ್ನೊಂದನ್ನು ಸ್ಲೈಡರಿನ ಸ್ಕ್ರಿಪ್ಟ್ ಸೇರಿಸುತ್ತಿತ್ತು. ಎರಡು ಸಂದೇಹಗಳು ಉಳಿದಿವೆ. ಪಟ್ಟಿಯಲ್ಲಿ 'ನೋಸ್ಕ್ರಿಪ್ಟ್' ಒಳಗಿನವು, ಮೀಡಿಯಾ 'ಪ್ರಿಂಟ್' ಎಂದಿರುವವು, 'ಡಿಸೇಬಲ್ಡ್' ಎಂದಿರುವವು ಸಿಗುತ್ತಿವೆ. ಇವನ್ನು ಬಳಕೆಯಲ್ಲಿರುವವು ಎಂದು ಎಣಿಸಬೇಕೇ? ಮತ್ತು ಇಷ್ಟೆಲ್ಲ ಮಾಡುವ ಬದಲು ಸರ್ವರಿನ ಆ್ಯಕ್ಸೆಸ್ ಲಾಗಿನಲ್ಲಿ ಯಾವ ಸಿಎಸ್‌ಎಸ್ ಕಡತಕ್ಕೆ ಕೋರಿಕೆಯೇ ಬಂದಿಲ್ಲವೋ ಅದನ್ನು ಅಳಿಸಿದರೆ ಆಗುವುದಿಲ್ಲವೇ?

ಮೊದಲ ಉತ್ತರ ಬರೆದವರು

ನಿಮ್ಮ ಉದ್ದೇಶಕ್ಕೆ ಮೂರನ್ನೂ ಬಳಕೆಯಲ್ಲಿವೆ ಎಂದೇ ಎಣಿಸಿ, ಆದರೆ ಮೂರರ ಕಾರಣಗಳೂ ಬೇರೆ ಬೇರೆ. ಮೀಡಿಯಾ 'ಪ್ರಿಂಟ್' ಎಂದಿರುವುದನ್ನು ಬ್ರೌಸರ್ ಪರದೆಗೆ ಅನ್ವಯಿಸದಿದ್ದರೂ ಕಡಿಮೆ ಆದ್ಯತೆಯಲ್ಲಿ ತರಿಸಿಕೊಂಡೇ ಇರುತ್ತದೆ. ಹಾಗಿರುವುದರಿಂದಲೇ, ಮೀಡಿಯಾ 'ಪ್ರಿಂಟ್' ಎಂದು ಬರೆದು ಕಡತ ಬಂದೊಡನೆ 'ಆಲ್' ಎಂದು ಬದಲಿಸುವ ತಂತ್ರ ಹುಟ್ಟಿಕೊಂಡಿತು. ಅಂಥ ಕಡೆ 'ಪ್ರಿಂಟ್' ಎಂಬುದು ನೆಪಮಾತ್ರ, ಆ ಕಡತವೇ ಪುಟದ ಮುಖ್ಯ ಶೈಲಿಯಾಗಿರಬಹುದು. 'ಆನ್‌ಲೋಡ್' ಇದೆಯೇ ಎಂದು ನೋಡಿದರೆ ತಿಳಿಯುತ್ತದೆ. 'ಡಿಸೇಬಲ್ಡ್' ಇರುವುದನ್ನು ಬ್ರೌಸರ್ ತರಿಸಿಕೊಳ್ಳುವುದಿಲ್ಲ, ಆದರೆ ಯಾವುದೋ ಸ್ಕ್ರಿಪ್ಟ್ ಅದನ್ನು ಮುಂದೆ ತೆರೆಯಲೆಂದೇ ಹಾಗೆ ಬರೆದಿರುತ್ತಾರೆ. ಕಪ್ಪು ಹಿನ್ನೆಲೆಯ ವಿನ್ಯಾಸಕ್ಕೆ ಇದು ಸಾಮಾನ್ಯ. 'ನೋಸ್ಕ್ರಿಪ್ಟ್' ಒಳಗಿನದು ಜಾವಾಸ್ಕ್ರಿಪ್ಟ್ ನಿಲ್ಲಿಸಿದವರಿಗೆ ಮಾತ್ರ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಚಾಲ್ತಿಯಲ್ಲಿದ್ದಾಗ ಅಲ್ಲಿರುವುದೆಲ್ಲ ಬರಿಯ ಪಠ್ಯ, ಡಾಮ್‌ಡಾಕ್ಯುಮೆಂಟಿಗೆ ಮಾತ್ರ ಅದು ಎಲಿಮೆಂಟ್. 'ಟೆಂಪ್ಲೇಟ್' ಟ್ಯಾಗಿನ ಒಳಗಿನವನ್ನೂ ಅದು ಹೀಗೆಯೇ ಸಾಮಾನ್ಯ ಎಲಿಮೆಂಟ್‌ಗಳಂತೆ ಕೊಡುತ್ತದೆ. ಪುಟದ ವೇಗ ಅಳೆಯುವವರು ಇವೆರಡನ್ನೂ ತೆಗೆದುಹಾಕಬೇಕು, ನೀವು ಇಟ್ಟುಕೊಳ್ಳಿ.

ಲಾಗಿನ ವಿಷಯ. ಅದು ಒಳ್ಳೆಯ ಸಾಕ್ಷಿ, ಆದರೆ ಒಂಟಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಸಿಎಸ್‌ಎಸ್ ಕಡತಗಳಿಗೆ ಒಂದು ವರ್ಷದ ಕ್ಯಾಶ್ ಅವಧಿ, ಅಂದರೆ 31536000 ಸೆಕೆಂಡು, ಕೊಡುವುದು ಈಗ ಸಾಮಾನ್ಯ. ಮತ್ತೆ ಮತ್ತೆ ಬರುವ ಓದುಗರ ಬ್ರೌಸರ್ ಆ ಅವಧಿಯಲ್ಲಿ ಕಡತವನ್ನು ಕೇಳುವುದೇ ಇಲ್ಲ. ನಡುವೆ ಸಿಡಿಎನ್ (ಕಡತಗಳ ಪ್ರತಿಯನ್ನು ಇಟ್ಟುಕೊಂಡು ತಾನೇ ಕೊಡುವ ಸರ್ವರುಗಳ ಜಾಲ) ಇದ್ದರೆ ಹೊಸಬರ ಕೋರಿಕೆಯೂ ನಿಮ್ಮ ಸರ್ವರಿಗೆ ತಲುಪದಿರಬಹುದು. ಇನ್ನೊಂದು ಕಡೆ, ಹಳೆಯ ವಿಳಾಸಗಳನ್ನು ನೆನಪಿಟ್ಟುಕೊಂಡ ಬಾಟ್‌ಗಳು (ತಾವಾಗಿಯೇ ಜಾಲ ಸುತ್ತುವ ಪ್ರೋಗ್ರಾಮುಗಳು) ಯಾವ ಪುಟಕ್ಕೂ ಬೇಡವಾದ ಕಡತವನ್ನು ಕೇಳುತ್ತಲೇ ಇರುತ್ತವೆ. ಆದ್ದರಿಂದ ಕೋರಿಕೆ ಬಂದಿದೆ ಎಂದ ಮಾತ್ರಕ್ಕೆ ಕಡತ ಬೇಕು ಎಂದಲ್ಲ, ಬಂದಿಲ್ಲ ಎಂದ ಮಾತ್ರಕ್ಕೆ ಬೇಡ ಎಂದೂ ಅಲ್ಲ. ಲಾಗಿನಲ್ಲಿ ಹುಡುಕುವುದೇ ಆದರೆ 'ಸೆಕ್-ಫೆಚ್-ಡೆಸ್ಟ್' ಹೆಡರನ್ನೂ ದಾಖಲಿಸುವಂತೆ ಮಾಡಿ. ಎಚ್‌ಟಿಟಿಪಿಎಸ್ ತಾಣಗಳಲ್ಲಿ ಇಂದಿನ ಬ್ರೌಸರುಗಳು ಸ್ಟೈಲ್‌ಶೀಟಿಗಾಗಿ ಕಳುಹಿಸುವ ಕೋರಿಕೆಯಲ್ಲಿ ಅದರ ಬೆಲೆ 'ಸ್ಟೈಲ್' ಎಂದಿರುತ್ತದೆ. ಬ್ರೌಸರಿನ ವಿಳಾಸದ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ತೆರೆದರೆ ಹಾಗಿರುವುದಿಲ್ಲ. 'ರೆಫರರ್' ನೋಡಿದರೆ ಯಾವ ಪುಟ ಕೇಳಿತೆಂಬುದೂ ತಿಳಿಯುತ್ತದೆ, ಆದರೆ '@ಇಂಪೋರ್ಟ್' ಆದಾಗ ಅಲ್ಲಿ ಪುಟದ ಬದಲು ಕರೆದ ಸ್ಟೈಲ್‌ಶೀಟಿನ ವಿಳಾಸ ಇರುತ್ತದೆ.

ಎರಡನೆಯ ಉತ್ತರ ಬರೆದವರು

ಅಳಿಸುವ ಮುನ್ನ ಇನ್ನೊಂದು ಕಡೆ ನೋಡಿ. ಓದುಗರ ಬ್ರೌಸರ್ ಕೇಳದ, ಆದರೂ ಬೇಕಾದ ಸಿಎಸ್‌ಎಸ್ ಕಡತಗಳಿರುತ್ತವೆ. ಪಿಡಿಎಫ್ ತಯಾರಿಸುವ ಎಂಪಿಡಿಎಫ್ ಅಥವಾ ಡಾಮ್‌ಪಿಡಿಎಫ್ ಬಳಸಿ ರಸೀದಿ ತಯಾರಿಸುವ ಕೋಡ್ ತನ್ನ ಶೈಲಿಯನ್ನು ಡಿಸ್ಕಿನಿಂದ ನೇರವಾಗಿ ಓದುತ್ತದೆ. ಇಮೇಲ್ ಕಳುಹಿಸುವ ಕೋಡ್, ಕಡತದಲ್ಲಿರುವ ಶೈಲಿಯನ್ನು ಎಚ್‌ಟಿಎಮ್‌ಎಲ್ ಟ್ಯಾಗ್‌ಗಳೊಳಗೇ ಹಂಚಿ ಕಳುಹಿಸುತ್ತದೆ. ಟೈನಿಎಮ್‌ಸಿಇಯಂಥ ಸಂಪಾದಕಗಳಿಗೆ ಬರವಣಿಗೆಯ ಜಾಗದ ಶೈಲಿಗಾಗಿ ಬೇರೆಯೇ ಕಡತ ಕೊಟ್ಟಿರುತ್ತಾರೆ, ಅದು ನಿರ್ವಾಹಕರ ಪುಟ ತೆರೆದಾಗ ಮಾತ್ರ ಕಾಣಿಸುತ್ತದೆ. ಆದ್ದರಿಂದ ಅಳಿಸಬೇಕೆಂದಿರುವ ಪ್ರತಿಯೊಂದು ಕಡತದ ಹೆಸರನ್ನೂ ತಾಣದ ಇಡೀ ಕೋಡಿನಲ್ಲಿ, ಡೇಟಾಬೇಸಿನ ಪಠ್ಯದಲ್ಲಿ ಸಹ, ಒಮ್ಮೆ ಹುಡುಕಿ. ಹೆಸರನ್ನು ತುಂಡುತುಂಡಾಗಿ ಜೋಡಿಸುವ ಕೋಡ್ ಇದ್ದರೆ ಈ ಹುಡುಕಾಟಕ್ಕೂ ಸಿಗದು, ಉದಾಹರಣೆಗೆ 'ಬಣ್ಣ-' ಎಂಬುದರ ಮುಂದೆ ಬಳಕೆದಾರರ ಆಯ್ಕೆಯನ್ನು ಅಂಟಿಸುವುದು. ಆದ್ದರಿಂದ ಹೆಸರಿನ ಮೊದಲ ಭಾಗವನ್ನೂ ಹುಡುಕುವುದು ಒಳ್ಳೆಯದು.

ನಂತರವೂ ನೇರವಾಗಿ ಅಳಿಸದೆ, ಕಡತಗಳನ್ನು ತಾಣದ ಫೋಲ್ಡರಿನಿಂದ ಹೊರಗೆ ಸರಿಸಿಟ್ಟು, ಅವುಗಳ ಹೆಸರಿಗೆ 404 ಬರುತ್ತಿದೆಯೇ ಎಂದು ಕೆಲಕಾಲ ಲಾಗಿನಲ್ಲಿ ಗಮನಿಸಿ. ಆಗ ಮೇಲೆ ಹೇಳಿದ 'ಸೆಕ್-ಫೆಚ್-ಡೆಸ್ಟ್' ಬಹಳ ಉಪಯೋಗಕ್ಕೆ ಬರುತ್ತದೆ: ಬೆಲೆ 'ಸ್ಟೈಲ್' ಎಂದಿರುವ 404 ಕಂಡರೆ ಯಾವುದೋ ಪುಟ ಆ ಕಡತವನ್ನು ನಿಜಕ್ಕೂ ಕೇಳುತ್ತಿದೆ, ಹೆಡರೇ ಇಲ್ಲದ 404 ಬಹುತೇಕ ಬಾಟ್‌ನದ್ದು.

ಮೂರನೆಯ ಉತ್ತರ ಬರೆದವರು

ಈ ಚರ್ಚೆಯನ್ನು ಓದಿ ಇಂಥದ್ದೇ ಉಪಕರಣವನ್ನು ಸಾರ್ವಜನಿಕರಿಗಾಗಿ ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ. ಪ್ರಶ್ನೆ ಕೇಳಿದವರು ತಮ್ಮದೇ ತಾಣದ ವಿಳಾಸಗಳನ್ನು ಕೊಡುತ್ತಿದ್ದಾರೆ, ಅಲ್ಲಿ ಅಪಾಯವಿಲ್ಲ. ಯಾರು ಬೇಕಾದರೂ ವಿಳಾಸ ಬರೆಯಬಹುದಾದ ಪೆಟ್ಟಿಗೆ ಇಟ್ಟರೆ, ನಿಮ್ಮ ಸರ್ವರ್ ಅವರ ಪರವಾಗಿ ಒಳಗಿನ ಜಾಲವನ್ನು ತಡಕಾಡುವಂತಾಗುತ್ತದೆ. ಕರ್ಲ್‌ನಲ್ಲಿ ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಹೊರತು ಬೇರೆ ಪ್ರೋಟೋಕಾಲುಗಳನ್ನು ಮುಚ್ಚಬೇಕು, ಏಕೆಂದರೆ 'ಫೈಲ್' ಪ್ರೋಟೋಕಾಲಿನಿಂದ ಸರ್ವರಿನ ಸ್ವಂತ ಕಡತಗಳನ್ನೇ ಓದಿಸಬಹುದು. ಹೋಸ್ಟ್ ಹೆಸರು ತೋರಿಸುವ ಐಪಿ 127ರಿಂದ ಅಥವಾ 10ರಿಂದ ಆರಂಭವಾಗುವುದಾಗಲಿ, 192.168ರದ್ದಾಗಲಿ, 172.16ರಿಂದ 172.31ರವರೆಗಿನದಾಗಲಿ, ಕ್ಲೌಡ್ ಸರ್ವರುಗಳು ತಮ್ಮ ಗುಟ್ಟಿನ ವಿವರಗಳನ್ನು ಇಡುವ 169.254.169.254 ಆಗಲಿ ಆಗಿದ್ದರೆ ನಿರಾಕರಿಸಬೇಕು. ಐಪಿ ಆವೃತ್ತಿ 6ರ ಸಮಾನ ವಿಳಾಸಗಳಿಗೂ ಇದೇ ತಡೆ ಬೇಕು. ಈ ಪರಿಶೀಲನೆ ಮೊದಲ ವಿಳಾಸಕ್ಕೆ ಮಾತ್ರ ಸಾಲದು. ಪ್ರತಿ ರೀಡೈರೆಕ್ಟ್‌ಗೂ, ಪುಟದಲ್ಲಿ ಸಿಕ್ಕ ಪ್ರತಿ ಸ್ಟೈಲ್‌ಶೀಟಿಗೂ, ಪ್ರತಿ '@ಇಂಪೋರ್ಟ್'ಗೂ ನಡೆಯಬೇಕು. ಇವೆಲ್ಲವೂ ಹೊರಗಿನವರು ಬರೆದ ವಿಳಾಸಗಳೇ. ಜೊತೆಗೆ ಕೋರಿಕೆಯ ಕಾಲಮಿತಿ, ತರಿಸುವ ಕಡತದ ಗಾತ್ರದ ಮಿತಿ, '@ಇಂಪೋರ್ಟ್' ಆಳದ ಮಿತಿ ಇಟ್ಟುಕೊಳ್ಳಿ.